ಬಿಲ್ಲೆಯ ಬೆನ್ನು: ಕೋಲಾರ ಸೀಮೆಯ ಸೇನಾ ಗುರುತುಗಳು, ಅಸಲಿ ಮತ್ತು ನಕಲಿ

ಸಿಪಾಯಿಯ ಟೋಪಿ, ಪೇಟ, ಕಾಲರು, ಭುಜದ ಪಟ್ಟಿಗಳ ಮೇಲೆ ಕೂರುವ ಲೋಹದ ಗುರುತಿಗೆ ಕನ್ನಡದಲ್ಲಿ ಬಿಲ್ಲೆ ಎನ್ನುತ್ತಾರೆ. ಅಮಲ್ದಾರರ ಕಚೇರಿಯ ಜವಾನ ಡವಾಲಿಯ ಮೇಲೆ ಹಾಕಿಕೊಳ್ಳುತ್ತಿದ್ದ ಹಿತ್ತಾಳೆ ತಗಡಿಗೂ ಇದೇ ಹೆಸರು. ಪದಕದ ಮಾತು ಬೇರೆ. ಬಿಲ್ಲೆ ದಂಡಿನ ಸ್ವತ್ತು. ಸಾವಿರಾರು ಜನಕ್ಕೆ ಒಂದೇ ಅಚ್ಚಿನದು, ಯಾರ ಹೆಸರೂ ಇಲ್ಲದ್ದು, ನೌಕರಿ ಮುಗಿದಾಗ ಸಮವಸ್ತ್ರದ ಜೊತೆ ಉಗ್ರಾಣಕ್ಕೆ ವಾಪಸು ಕೊಡಬೇಕಾದದ್ದು. ಪದಕ ಆಳಿನ ಸ್ವತ್ತು; ಬಹುಪಾಲು ಅದರ ಅಂಚಿನಲ್ಲಿ ಅವನ ನಂಬರು, ಹುದ್ದೆ, ಹೆಸರು, ಪಲ್ಟನ್ನು ಇರುತ್ತವೆ. ಸಂಗ್ರಹಿಸುವವರಿಗೆ ಈ ವ್ಯತ್ಯಾಸ ಮೊದಲು ಗೊತ್ತಿರಬೇಕು. ಪದಕದ ಸುಳ್ಳನ್ನು ಅದರ ಅಂಚು ಹೇಳುತ್ತದೆ. ಬಿಲ್ಲೆಯ ಸುಳ್ಳನ್ನು ಅದರ ಬೆನ್ನು ಹೇಳಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಯುದ್ಧದ ಗುರುತು ಲೋಹಕ್ಕೆ ಬಂದದ್ದು ತಡವಾಗಿ. ಅದಕ್ಕೂ ಮುಂಚೆ ಅದು ಕಲ್ಲಿನಲ್ಲಿತ್ತು. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನಿಗೆ, ಗಡಿಯ ಕದನದಲ್ಲಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸಿ, ಮನೆಯವರಿಗೆ ಒಂದಿಷ್ಟು ಭೂಮಿ ಬಿಡುತ್ತಿದ್ದರು. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದ್ದು. ಗಂಗರ, ನೊಳಂಬರ ಕಾಲದ ಇಂಥ ಕಲ್ಲುಗಳು ಅದರಲ್ಲಿ ಹೇರಳವಾಗಿವೆ. ಬದುಕಿ ಬಂದ ವೀರನಿಗೆ ಕಾಲಿಗೆ ಗಂಡಪೆಂಡೇರ, ಹಣೆಗೆ ಪಟ್ಟ. ಎಲ್ಲರಿಗೂ ಒಂದೇ ಬಗೆಯ, ಲೆಕ್ಕವಿಟ್ಟು ಹಂಚುವ, ಅಚ್ಚಿನಲ್ಲಿ ಒತ್ತಿದ ಗುರುತು ಈ ನೆಲಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಹಿಂದೆ.

ಆ ದಂಡು ಬರಲು ಕಾರಣ ದಾರಿ. ಪೂರ್ವದ ಘಟ್ಟ ಹತ್ತಿ ಮೈಸೂರು ಸೀಮೆಗೆ ಬರುವ ಸೈನ್ಯಕ್ಕೆ ಮುಳಬಾಗಿಲು ಹೆಸರಿಗೆ ತಕ್ಕಂತೆ ಬಾಗಿಲೇ ಆಗಿತ್ತು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರ ತೀರಿಕೊಂಡ ಹೈದರನ ದೇಹವನ್ನೂ ಮೊದಲು ತಂದಿರಿಸಿದ್ದು ಅಲ್ಲಿಯೇ, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರ್ 4ರಂದು, ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್‌ನ ಪಡೆಯನ್ನು ಹೈದರ್ ಹೆಚ್ಚುಕಡಿಮೆ ಮುಗಿಸಿಯೇ ಬಿಟ್ಟಿದ್ದ. ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಸುತ್ತುದಾರಿಯಲ್ಲಿ ಬಂಡೆಯೊಂದರ ಮೇಲಕ್ಕೆ ಎಳೆಸಿ ಹಾರಿಸಿದ; ಗಾಯಾಳುಗಳೂ ಸೇರಿ ಅವನ ಜನ ‘ಸ್ಮಿತ್, ಸ್ಮಿತ್’ ಎಂದು ಕೂಗೆಬ್ಬಿಸಿದರು. ದೂರದಲ್ಲಿದ್ದ ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂತೆಂದು ಹೈದರನ ದಂಡು ಹಿಂಜರಿಯಿತು. ಕೋಲಾರ ಸೀಮೆಯ ಸೇನಾ ಚರಿತ್ರೆಯಲ್ಲಿ ಇಷ್ಟು ಚೆನ್ನಾಗಿ ನಡೆದ ನಕಲು ಇನ್ನೊಂದಿಲ್ಲ.

1791ರಲ್ಲಿ ಕಾರ್ನ್‌ವಾಲಿಸ್ ಮುಗಳಿ ಕಣಿವೆ ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆಗಳ ದಾರಿಯಲ್ಲಿ ಬೆಂಗಳೂರಿಗೆ ಬಂದ. ಆ ಯುದ್ಧಕ್ಕೆ ಕಂಪನಿ ತನ್ನ ಸಿಪಾಯಿಗಳಿಗೆ ಹಂಚಿದ ಪದಕದ ಮೇಲೆ ಮೈಸೂರಿನ ಬಾವುಟವನ್ನು ತಲೆಕೆಳಗಾಗಿ ಹಿಡಿದ ಸಿಪಾಯಿಯ ಚಿತ್ರವಿದೆ. 1799ರ ಶ್ರೀರಂಗಪಟ್ಟಣದ ಪದಕ ಇದಕ್ಕಿಂತ ಪ್ರಸಿದ್ಧ. ಒಂದು ಬದಿಯಲ್ಲಿ ಹುಲಿಯನ್ನು ಕೆಡವಿದ ಸಿಂಹ, ಇನ್ನೊಂದರಲ್ಲಿ ಕೋಟೆಯ ಲಗ್ಗೆ. ರೂಪಿಸಿದವನು ಸಿ. ಎಚ್. ಕ್ಯೂಕ್ಲರ್, ಅಚ್ಚಾದದ್ದು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ, ಆಮೇಲೆ ಸ್ವಲ್ಪ ಕಿರಿದಾಗಿ ಕಲ್ಕತ್ತೆಯಲ್ಲಿ. ದೊಡ್ಡವರಿಗೆ ಚಿನ್ನ, ಅವರಿಗಿಂತ ಕೆಳಗಿನವರಿಗೆ ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. ಸೋಹೋ ಅಚ್ಚಿನದಕ್ಕೆ 48 ಮಿಲಿಮೀಟರ್ ಅಡ್ಡಳತೆ, ಕಲ್ಕತ್ತೆಯದಕ್ಕೆ 45. ಇವೆರಡೂ ಅಲ್ಲದ ಅಳತೆಯ ಪದಕ ಕೈಗೆ ಬಂದರೆ, ಮುಂದೆ ಹೇಳುವ ಎರಕದ ಮಾತು ನೆನಪಾಗಬೇಕು. ಈ ಪದಕಕ್ಕೆ ನೇತುಹಾಕುವ ಕೊಂಡಿಯನ್ನು ಕಂಪನಿ ಕೊಟ್ಟಿರಲಿಲ್ಲ. ಪಡೆದವರೇ ಅಕ್ಕಸಾಲಿಗರಿಂದ ಹಾಕಿಸಿಕೊಂಡರು. ಹಾಗಾಗಿ ಒಂದರ ಕೊಂಡಿ ಇನ್ನೊಂದರಂತೆ ಇಲ್ಲವೆಂಬ ಕಾರಣಕ್ಕೆ ಯಾವುದನ್ನೂ ಸುಳ್ಳೆನ್ನುವಂತಿಲ್ಲ.

ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯನವರು ಕಟ್ಟಿ ನಿಲ್ಲಿಸಿದ ಸಿಲ್ಲೇದಾರ್ ಕುದುರೆ ದಂಡಿನಿಂದ ಮೈಸೂರಿನ ಸ್ವಂತ ಸೇನೆಯ ಕಥೆ ಮುಂದುವರಿಯುತ್ತದೆ. ಪಾಪನಪಲ್ಲಿ ಎಂಬ ಊರು ಶ್ರೀನಿವಾಸಪುರವಾದದ್ದೂ ಪೂರ್ಣಯ್ಯನವರ ಮಗನ ಹೆಸರಿನಿಂದಲೇ. ಸಿಲ್ಲೇದಾರನೆಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ನಿಂತವನು. ಅವನಿಗೆ ಏಕರೂಪದ ಬಿಲ್ಲೆಯ ಹಂಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ದೇಶೀ ಸಂಸ್ಥಾನಗಳು ಸಾಮ್ರಾಜ್ಯದ ಸೇವೆಗೆಂದು ಪಡೆಗಳನ್ನು ಸಜ್ಜುಮಾಡಬೇಕೆಂಬ ಯೋಜನೆ ಬಂದಾಗ, ಈ ಕುದುರೆ ದಂಡಿನಿಂದ ಆಯ್ದವರು ಮೈಸೂರು ಲಾನ್ಸರ್ಸ್ ಆದರು. ಇವರ ಗುರುತು ಬ್ರಿಟಿಷ್ ಕಿರೀಟವಲ್ಲ, ಒಡೆಯರ ಗಂಡಭೇರುಂಡ.

ಮೊದಲ ಮಹಾಯುದ್ಧಕ್ಕೆಂದು 1914ರ ಅಕ್ಟೋಬರಿನಲ್ಲಿ ಲಾನ್ಸರ್ಸ್ ಬೆಂಗಳೂರು ಬಿಟ್ಟು ಈಜಿಪ್ಟಿಗೆ ಹೊರಟರು. ಸೂಯೆಜ್ ಕಾಲುವೆಯ ಕಾವಲು, ಸಿನಾಯ್ ಮರಳುಗಾಡು, ಪ್ಯಾಲೆಸ್ತೀನ್ ಎಂದು ನಾಲ್ಕು ವರ್ಷ ಕಳೆದ ಮೇಲೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿತು. ಜೋಧಪುರದ ಸವಾರರು ಊರಿನತ್ತ ನುಗ್ಗಿದರು, ಮೈಸೂರಿನ ಉಳಿದವರು ಅವರ ಹಿಂದೆ ಬಂದರು. 1,350 ಜನ ಸೆರೆ ಸಿಕ್ಕರು, 17 ಫಿರಂಗಿಗಳು ವಶವಾದವು. ಸತ್ತವರು 8, ಗಾಯಗೊಂಡವರು 34. ಕುದುರೆಗಳು ಇನ್ನೂ ಹೆಚ್ಚು, 60 ಸತ್ತವು. ದೆಹಲಿಯ ತೀನ್‌ಮೂರ್ತಿಯಲ್ಲಿ 1922ರಿಂದ ನಿಂತಿರುವ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು, ಇನ್ನೊಬ್ಬ ಜೋಧಪುರದವನು. ಮೂರನೆಯವನು ಹೈದರಾಬಾದಿನವನು, ಹೈಫಾದ ದಾಳಿಯಲ್ಲಿ ಆ ಪಡೆ ಇರಲಿಲ್ಲ. ಆ ಸ್ಮಾರಕ ಈ ಮೂರೂ ಪಡೆಗಳಿದ್ದ ಇಡೀ ಬ್ರಿಗೇಡಿನದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲಾನ್ಸರ್ಸ್ ಪಡೆಯದೇ ಸ್ಮಾರಕವಿದೆ. 2018ರಲ್ಲಿ ದೆಹಲಿಯ ವೃತ್ತಕ್ಕೆ ಹೈಫಾದ ಹೆಸರೂ ಸೇರಿ, ಸೆಪ್ಟೆಂಬರ್ 23 ಪತ್ರಿಕೆಗಳಲ್ಲಿ ಕಾಣತೊಡಗಿತು. ಹೆಸರು ಬಂದ ಕಡೆ ಬೆಲೆ ಬರುತ್ತದೆ, ಬೆಲೆ ಬಂದ ಕಡೆ ನಕಲು ಬರುತ್ತದೆ.

ಗಂಡಭೇರುಂಡ ಕಂಡ ಕೂಡಲೇ ಲಾನ್ಸರ್ಸ್ ಎಂದು ಕೂಗುವುದು ಈ ಸೀಮೆಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಎರಡು ತಲೆಯ ಆ ಹಕ್ಕಿ ಇಡೀ ಸಂಸ್ಥಾನದ ಮುದ್ರೆ. ಅರಮನೆಯ ಆಳುಗಳ ಗುಂಡಿ, ಪೊಲೀಸರ ಬೆಲ್ಟು, ಕಚೇರಿಯ ಡವಾಲಿ, ಸರ್ಕಾರಿ ಕಾಗದ, ಎಲ್ಲದರ ಮೇಲೂ ಅದೇ. ಮಾರುವವನಿಗೆ ಜವಾನನ ಬಿಲ್ಲೆಗಿಂತ ಹೈಫಾದ ಬಿಲ್ಲೆ ಲಾಭದ್ದು. ವಸ್ತು ಅಸಲಿಯೇ, ಜೊತೆಗೆ ಬಂದ ಕಥೆ ಮಾತ್ರ ನಕಲಿ. ಇಂಥವನ್ನು ಹಿಡಿಯಲು ಭೂತಗನ್ನಡಿ ಸಾಲದು. ಇನ್ನೊಂದು ಸುಲಭದ ಗುರುತಿದೆ: ಹಕ್ಕಿಯ ಮೇಲ್ಗಡೆ ಅಶೋಕಸ್ತಂಭದ ಸಿಂಹಗಳಿದ್ದರೆ ಅದು ಗಣರಾಜ್ಯದ ಕಾಲದ ರಾಜ್ಯ ಸರ್ಕಾರದ ಮುದ್ರೆ. ಅದನ್ನು ಮಹಾಯುದ್ಧದ ಗುಂಡಿಯೆಂದು ಕೊಂಡವರೂ ಉಂಟು.

ಸಂಸ್ಥಾನದ ಕಾಲಾಳು ಪಡೆಗೆ ಜನ ‘ಬಾರ್’ ಎನ್ನುತ್ತಿದ್ದರು. ಸ್ವಾತಂತ್ರ್ಯಾನಂತರ ಮೈಸೂರು ಇನ್‌ಫೆಂಟ್ರಿಯ ಮೊದಲ ದಳ ಮದ್ರಾಸ್ ರೆಜಿಮೆಂಟಿನ 18ನೇ ದಳವಾಯಿತು. ಲಾನ್ಸರ್ಸ್ 1953ರಲ್ಲಿ 61ನೇ ಕ್ಯಾವಲ್ರಿಯೊಳಗೆ ಸೇರಿಹೋದರು. ಹಾಗೆ ಗಂಡಭೇರುಂಡ ಹೋಗಿ ಆ ಟೋಪಿಗಳ ಮೇಲೆ ಬೇರೆ ಗುರುತುಗಳು ಬಂದವು; ಮದ್ರಾಸ್ ರೆಜಿಮೆಂಟಿನದು ಆನೆ. ಈ ಸೀಮೆಯಲ್ಲಿ ಸಿಗುವ ಬಿಲ್ಲೆಗಳಿಗೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಪಡೆ ಇನ್ನೊಂದು ದೊಡ್ಡ ಮೂಲ. ಮಾಲೂರು, ಬಂಗಾರಪೇಟೆಗಳ ಮೇಲೆ ಜೋಲಾರಪೇಟೆಗೆ ಹೋಗುವ ರೈಲು 1864ರಿಂದಲೇ ದಂಡಿನ ಊರಿಗೆ ಈ ಸೀಮೆಯನ್ನು ಕಟ್ಟಿಹಾಕಿತ್ತು. ಹೊರಟವರೂ ಮರಳಿದವರೂ ಈ ನಿಲ್ದಾಣಗಳಲ್ಲಿಯೇ ಹತ್ತಿ ಇಳಿದರು.

ಕೋಲಾರಕ್ಕೇ ಮೀಸಲಾದ ಬಿಲ್ಲೆಯೆಂದರೆ ಚಿನ್ನದ ಗಣಿಯ ಸ್ವಯಂಸೇವಕ ಪಡೆಯದು. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಉರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿ ಮೇಸ್ತ್ರಿಗಳು, ಆಂಗ್ಲೋ ಇಂಡಿಯನ್ ಫಿಟ್ಟರುಗಳು, ಗುಮಾಸ್ತರು ಸೇರಿ ಒಂದು ಪುಟ್ಟ ಬಿಳಿಯರ ಊರೇ ಹುಟ್ಟಿತು. ಆ ಊರಿನವರು ಬಿಡುವಿನಲ್ಲಿ ಕವಾಯತು ಮಾಡುವ, ಗುರಿಯಿಟ್ಟು ಸುಡುವ ಪಡೆ ಕೋಲಾರ್ ಗೋಲ್ಡ್ ಫೀಲ್ಡ್ಸ್ ವಾಲಂಟಿಯರ್ಸ್. 1917ರಲ್ಲಿ ಇಂಥ ಪಡೆಗಳೆಲ್ಲ ಕಾಯ್ದೆಯೊಂದರ ಪ್ರಕಾರ ಇಂಡಿಯನ್ ಡಿಫೆನ್ಸ್ ಫೋರ್ಸಿಗೆ ಸೇರಿದವು. 1920ರಿಂದ ಆಗ್ಜಿಲರಿ ಫೋರ್ಸ್ ಎನಿಸಿದವು. ಗಣಿಯ ಪಡೆ ಆಗ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್. 1947ರಲ್ಲಿ ಆಗ್ಜಿಲರಿ ಫೋರ್ಸೇ ಇಲ್ಲವಾಯಿತು. ಗಣಿಯ ಆಳದಲ್ಲಿ ಕಲ್ಲು ಒಡೆಯುತ್ತಿದ್ದ ತಮಿಳು, ತೆಲುಗು, ಕನ್ನಡದ ಕಾರ್ಮಿಕರಿಗೆ ಈ ಪಡೆಯಲ್ಲಿ ಜಾಗವಿರಲಿಲ್ಲ. ಆದ್ದರಿಂದ ‘ನಮ್ಮ ತಾತ ಗಣಿಯಲ್ಲಿ ಕೂಲಿಯಾಗಿದ್ದರು, ಇದು ಅವರು ತೊಟ್ಟಿದ್ದ ಬೆಟಾಲಿಯನ್ ಬಿಲ್ಲೆ’ ಎಂಬ ಮಾತು ಎಷ್ಟೇ ಪ್ರಾಮಾಣಿಕವಾಗಿ ಬಂದರೂ ಪೂರ್ತಿ ನಿಲ್ಲದು. ಬಿಲ್ಲೆ ಮನೆಗೆ ಬಂದಿರಬಹುದು, ಸಾಹೇಬರ ಬಂಗಲೆಯ ಕೆಲಸದಿಂದಲೋ ಹರಾಜಿನಿಂದಲೋ. ತೊಟ್ಟದ್ದು ಮಾತ್ರ ಬೇರೆಯವರು.

ಈ ಪಡೆಯ ಜನಸಂಖ್ಯೆ ಕಡಿಮೆ, ಬಿಲ್ಲೆಯೂ ಕಡಿಮೆ. ಚಿನ್ನದ ಗಣಿ ಎಂಬ ಹೆಸರಿನ ಮೋಹವೂ ಸೇರಿ ಬ್ರಿಟನ್ನಿನ ಸಂಗ್ರಾಹಕರಿಗೂ ಇದು ಬೇಕು. ಕಿರೀಟ, ಪಡೆಯ ಹೆಸರು, ಇಸವಿ ಮೂರನ್ನೂ ಕೂಡಿಸಿ ನೋಡುವುದು ಇಲ್ಲಿ ಮೊದಲ ಪರೀಕ್ಷೆ. 1901ರಿಂದ 1952ರವರೆಗಿನ ಬಿಲ್ಲೆಗಳ ರಾಜಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗೆ ಉಬ್ಬಿರುತ್ತವೆ. 1953ರ ನಂತರ ರಾಣಿ ಎಲಿಜಬೆತ್ ಕಾಲದ ಕಿರೀಟದಲ್ಲಿ ಕಮಾನುಗಳು ನಡುವೆ ತಗ್ಗಿ ಎರಡು ಹೆಗಲುಗಳಂತೆ ಕಾಣುತ್ತವೆ. ಕೋಲಾರದ ಬೆಟಾಲಿಯನ್ ಮುಚ್ಚಿದ್ದು 1947ರಲ್ಲಿ, ಭಾರತದ ಸೇನೆ ಕಿರೀಟ ತೆಗೆದು ಅಶೋಕನ ಸಿಂಹಗಳನ್ನು ಧರಿಸಿದ್ದು 1950ರ ಜನವರಿ 26ರಿಂದ. ಎಲಿಜಬೆತ್ ಕಾಲದ ಕಿರೀಟವಿರುವ ಕೋಲಾರ ಬಿಲ್ಲೆ, ಅಷ್ಟೇಕೆ ಯಾವುದೇ ಭಾರತೀಯ ಪಲ್ಟನಿನ ಬಿಲ್ಲೆ, ಇರಲು ಸಾಧ್ಯವೇ ಇಲ್ಲ. ಹಾಗಿದ್ದರೂ ಅಂಥವು ಮಾರಾಟಕ್ಕೆ ಬರುತ್ತವೆ; ಮಾಡುವವನ ಕೈಯಲ್ಲಿ ಆ ಕಿರೀಟದ ಅಚ್ಚು ಸಿದ್ಧವಿರುತ್ತದೆ, ಚರಿತ್ರೆ ಓದುವ ಪುರುಸೊತ್ತಿರುವುದಿಲ್ಲ. ಅದೇ ರೀತಿ, ವಾಲಂಟಿಯರ್ಸ್ ಎಂಬ ಹೆಸರಿದ್ದ ಬಿಲ್ಲೆಯನ್ನು ಎರಡನೇ ಮಹಾಯುದ್ಧದ್ದೆಂದು ಮಾರಿದರೆ ಬಿಲ್ಲೆ ಸರಿಯಿರಬಹುದು, ಮಾರುವವನ ಮಾತು ಸರಿಯಿಲ್ಲ.

ಎರಡನೇ ಮಹಾಯುದ್ಧ ಈ ಸೀಮೆಗೆ ತೀರ ಹತ್ತಿರ ಬಂತು. ಕೋಲಾರದಲ್ಲಿ ರಾಯಲ್ ಏರ್‌ಫೋರ್ಸಿನ ನೆಲೆಯೊಂದಿತ್ತು. ಬರ್ಮಾ ಕಡೆ ಹೋಗುವ ವೈಮಾನಿಕರು ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳಲ್ಲಿ ಇಲ್ಲಿ ಪಳಗಿದರು. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಡಿಪೋ ಆಯಿತು. ಹೀಗೆ ಬಂದ ಪರದೇಶದ ಹುಡುಗರು ಎದೆಯ ರೆಕ್ಕೆಗಳನ್ನೂ ತೋಳಿನ ಪಟ್ಟಿಗಳನ್ನೂ ಪೇಟೆಯ ದರ್ಜಿಗಳಿಂದ, ಜರಿ ಕೆಲಸದವರಿಂದ ಹೊಲಿಸಿಕೊಂಡರು. ಅಮೆರಿಕದವರ ಚೀನಾ-ಬರ್ಮಾ-ಇಂಡಿಯಾ ತೋಳುಪಟ್ಟಿಯಲ್ಲಿ ಜರಿಯದು, ಚರ್ಮದ್ದು, ಹತ್ತಿ ನೂಲಿನದು ಎಂದು ಎಷ್ಟೋ ಬಗೆಗಳಿರುವುದು ಇದರಿಂದ. ಸರ್ಕಾರಿ ನಮೂನೆಗೆ ಹೊಂದದೆ, ನಕ್ಷತ್ರದ ಮೂಲೆ ವಾರೆಯಾಗಿ, ರೆಕ್ಕೆಯ ಗರಿ ಎಣಿಕೆ ತಪ್ಪಿ ಇದ್ದರೂ ಅವು ಯುದ್ಧಕಾಲದ ಅಸಲಿ ವಸ್ತುಗಳೇ.

ಕಷ್ಟ ಶುರುವಾಗುವುದು ಇಲ್ಲಿ. ಇಂಗ್ಲೆಂಡಿನಲ್ಲಿ ಬರೆದ ಸಂಗ್ರಾಹಕರ ಕೈಪಿಡಿಗಳಲ್ಲಿ ಒಂದು ಸರಳ ಸೂತ್ರವಿದೆ: ಅಚ್ಚಿನಲ್ಲಿ ಒತ್ತಿದ್ದು ಅಸಲಿ, ಎರಕ ಹೊಯ್ದದ್ದು ನಕಲಿ. ಬರ್ಮಿಂಗ್‌ಹ್ಯಾಮಿನ ಜೆ. ಆರ್. ಗಾಂಟ್ ಮುಂತಾದ ಕಾರ್ಖಾನೆಗಳು ಉಕ್ಕಿನ ಅಚ್ಚಿನ ನಡುವೆ ಹಿತ್ತಾಳೆ ತಗಡಿಟ್ಟು ಒತ್ತಿ ಬಿಲ್ಲೆ ಮಾಡುತ್ತಿದ್ದುದರಿಂದ ಬ್ರಿಟಿಷ್ ಪಲ್ಟನುಗಳ ಮಟ್ಟಿಗೆ ಸೂತ್ರ ಬಹುಪಾಲು ಸರಿ. ಭಾರತದ ದಂಡಿನ ಮಟ್ಟಿಗೆ ಅದು ಕುರುಡು ಸೂತ್ರ. ಇಲ್ಲಿನ ಪಡೆಗಳು ಅಗತ್ಯ ಬಿದ್ದಾಗಲೆಲ್ಲ ದಂಡಿನ ಬಜಾರಿನ ಕಂಚುಗಾರರಿಂದ ಬಿಲ್ಲೆ ಎರಕ ಹೊಯ್ಯಿಸಿಕೊಂಡಿವೆ. ಯುದ್ಧಕಾಲದಲ್ಲಿ ಹಡಗಿನ ಸರಕು ಅಪರೂಪವಾದಾಗ ಇನ್ನೂ ಹೆಚ್ಚು. ಬ್ರಿಟನ್ ಲೋಹ ಉಳಿಸಲು 1941ರಿಂದ ಪ್ಲಾಸ್ಟಿಕ್ ಬಿಲ್ಲೆ ಮಾಡಿದ ಹೊತ್ತಿನಲ್ಲಿ ಇಲ್ಲಿ ಮರಳಿನ ಅಚ್ಚಿಗೆ ಹಿತ್ತಾಳೆ ಹೊಯ್ಯುವ ಮೂಸೆಗಳು ಆರಿರಲಿಲ್ಲ. ಸೂತ್ರವನ್ನು ನೆಚ್ಚಿ ಎರಕದ ಬಿಲ್ಲೆಗಳನ್ನೆಲ್ಲ ಎಸೆದರೆ ಕೋಲಾರ ಸೀಮೆಯ ಸಂಗ್ರಹದಲ್ಲಿ ನಿಜವಾದ ಸರಕೇ ಹೊರಗೆ ಹೋಗುತ್ತದೆ, ಇತ್ತೀಚೆಗೆ ಅಚ್ಚೊತ್ತಿದ ಹೊಳೆಯುವ ಸುಳ್ಳು ಒಳಗೆ ಉಳಿಯುತ್ತದೆ.

ಹಾಗಾಗಿ ಬಿಲ್ಲೆಯನ್ನು ತಿರುಗಿಸಿ ನೋಡಬೇಕು. ಅಚ್ಚೊತ್ತಿದ ಬಿಲ್ಲೆಯ ಬೆನ್ನಿನಲ್ಲಿ ಮುಖದ ಚಿತ್ರವೇ ಹಳ್ಳವಾಗಿ ಕಾಣುತ್ತದೆ: ಮುಂದೆ ಉಬ್ಬಿದ ಆನೆ, ಹಿಂದೆ ಆನೆಯ ಆಕಾರದ ಗುಂಡಿ. ತಗಡು ಎಲ್ಲ ಕಡೆ ಒಂದೇ ದಪ್ಪ, ಅಂಚು ಕತ್ತರಿಸಿದಂತೆ ನೇರ. ಎರಕದ ಬಿಲ್ಲೆಯ ಬೆನ್ನು ಚಪ್ಪಟೆ, ಇಲ್ಲವೇ ಮರಳಿನ ಕಣದ ಗುರುತಿನಿಂದ ಕಿತ್ತಳೆ ಸಿಪ್ಪೆಯಂತೆ ತರಿತರಿ. ಅಂಚಿನಲ್ಲಿ ಅರ ಉಜ್ಜಿದ ಗೀರುಗಳು. ಇಲ್ಲಿಯವರೆಗೆ ಎರಡೂ ಅಸಲಿ ಇರಬಹುದು. ಮುಂದಿನ ಪ್ರಶ್ನೆ ಕೊಂಡಿಯದು. ಪೇಟಕ್ಕೂ ಬಿಸಿಲ ಹ್ಯಾಟಿಗೂ ಹಾಕುವ ಬಿಲ್ಲೆಗೆ ಬೆನ್ನಲ್ಲಿ ಎರಡೋ ಮೂರೋ ತಂತಿಯ ಕೊಂಡಿಗಳು. ಬಟ್ಟೆಯಾಚೆ ಅವುಗಳೊಳಗೆ ಪಿನ್ನು ತೂರಿಸುತ್ತಾರೆ. ಬಟ್ಟೆಯ ಟೋಪಿಗೆ ಹಾಕುವುದಕ್ಕೆ ಉದ್ದನೆಯ ನಾಲಗೆ, ಸ್ಲೈಡರ್. ವರ್ಷಗಟ್ಟಲೆ ಪಿನ್ನು ಓಡಾಡಿದ ಕೊಂಡಿಯ ಒಳಬದಿ ಸವೆದು ಒಂದು ಕಡೆ ತೆಳುವಾಗಿರುತ್ತದೆ. ಬೆಸುಗೆಯ ಸುತ್ತ ಕರಿ ಹಿಡಿದಿರುತ್ತದೆ. ಹೊಸ ನಕಲಿಯ ಕೊಂಡಿ ದುಂಡಗೆ, ಸವೆತವಿಲ್ಲದೆ, ಬೆಸುಗೆ ಬೆಳ್ಳಗೆ ಮುದ್ದೆಯಾಗಿ ಕೂತಿರುತ್ತದೆ. ಎಂದೂ ತೊಡದ ಬಿಲ್ಲೆಯೊಂದು ಹಳೆಯ ಉಗ್ರಾಣದಿಂದ ಬಂದಿರಲೂ ಬಹುದು. ಆಗ ಮುಖದಲ್ಲಿಯೂ ಸವೆತ ಇರಕೂಡದು. ಮುಖ ಸವೆದು ಕೊಂಡಿ ಹೊಸದಾಗಿದ್ದರೆ ಅದು ಅಸಲಿಯೊಂದರ ಮೇಲೆ ತೆಗೆದ ಅಚ್ಚಿನ ಎರಕ. ಸವೆತವೂ ಎರಕದಲ್ಲಿ ನಕಲಾಗಿದೆ.

ಇದಕ್ಕೊಂದು ಅಳತೆಯ ಸಾಕ್ಷಿಯೂ ಇದೆ. ಕರಗಿದ ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆ ಎರಡರಷ್ಟು ಕುಗ್ಗುತ್ತದೆ. 50 ಮಿಲಿಮೀಟರ್ ಬಿಲ್ಲೆಯನ್ನು ಮರಳಿಗೊತ್ತಿ ಎರಕ ಹೊಯ್ದರೆ ಮರಿ ಸುಮಾರು 49 ಮಿಲಿಮೀಟರ್ ಆಗುತ್ತದೆ. ಮರಿಯಿಂದ ಇನ್ನೊಂದು ಮರಿ ತೆಗೆದರೆ ಇನ್ನೂ ಚಿಕ್ಕದು. ಪ್ರತಿ ಪೀಳಿಗೆಗೂ ಅಕ್ಷರದ ಮೂಲೆ ಮೊಂಡಾಗುತ್ತದೆ, ಗರಿಯ ಗೀರು ಮುಚ್ಚುತ್ತದೆ. ಹೋಲಿಸಲು ಒಂದು ನಂಬಿಕೆಯ ಬಿಲ್ಲೆ, ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಹೈಸ್ಕೂಲು ಹುಡುಗನೂ ಈ ಪರೀಕ್ಷೆ ಮಾಡಬಲ್ಲ.

ಮರುಅಚ್ಚಿನವು ಇದಕ್ಕಿಂತ ಜಾಣ. ಹಳೆಯ ಕಾರ್ಖಾನೆಯ ಮೂಲ ಅಚ್ಚುಗಳೇ ಕೈ ಬದಲಾಗಿ, ಅವುಗಳಿಂದಲೇ ಹೊಸದಾಗಿ ಒತ್ತಿದ ಬಿಲ್ಲೆಗಳಿವು. ಸಂಗ್ರಾಹಕರು ರೀಸ್ಟ್ರೈಕ್ ಎನ್ನುತ್ತಾರೆ. ಮುಖದಲ್ಲಿ ತಪ್ಪು ಹುಡುಕುವುದು ವ್ಯರ್ಥ, ಅಚ್ಚು ಅದೇ. ತಗಡು ಮಾತ್ರ ಇಂದಿನದು, ಹಲವು ಸಲ ತೆಳು. ನಾಲಗೆಯ ಮೇಲೆ ‘ಜೆ. ಆರ್. ಗಾಂಟ್ ಲಂಡನ್’ ಎಂಬ ದಪ್ಪ ಮುದ್ರೆ ಎದ್ದು ಕಾಣುವಂತಿರುತ್ತದೆ. ತಯಾರಕನ ಹೆಸರಿದೆಯೆಂದು ಹೊಸಬರು ಹಿಗ್ಗುವುದು ಇಲ್ಲಿಯೇ, ಅನುಭವಿಗಳು ಕೆಳಗಿಡುವುದೂ ಇಲ್ಲಿಯೇ.

ಪದಕಗಳಿಗೆ ಬಂದರೆ, ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಈ ಸೀಮೆಯ ಮನೆಗಳಲ್ಲಿ ಸಿಗಬಹುದಾದದ್ದು. 36 ಮಿಲಿಮೀಟರ್ ಅಡ್ಡಳತೆ, ಹೆಚ್ಚುಕಡಿಮೆ ಒಂದು ಔನ್ಸ್ ಬೆಳ್ಳಿ. ಬೆಳ್ಳಿಯೆಂಬುದೇ ಅದರ ಶತ್ರು. ಹೆಣ್ಣುಮಕ್ಕಳ ಕಾಲುಂಗುರ, ಗೆಜ್ಜೆಗಳಿಗೆ ಅಕ್ಕಸಾಲಿಗರ ಮೂಸೆಗೆ ಬಿದ್ದವು ಕೆಲವು, 1979-80ರಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಹುಚ್ಚು ಹಿಡಿದಂತೆ ಏರಿದಾಗ ಕರಗಿದವು ಇನ್ನೂ ಹಲವು. ಕೂಲಿ ಪಡೆ, ಮೂಟೆ ಹೊರುವವರು, ಹೇಸರಗತ್ತೆ ಹೊಡೆಯುವವರು ಮುಂತಾದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟಿದ್ದರು. ಕರಗಿಸಿ ಪ್ರಯೋಜನವಿಲ್ಲದ್ದರಿಂದ ಅವು ಉಳಿದವು. ಕೆಳಗಿನವನೆಂದು ಕೊಟ್ಟ ಕಂಚು ಈಗ ಸಂಗ್ರಾಹಕರಿಗೆ ಬೆಳ್ಳಿಗಿಂತ ಪ್ರಿಯವಾಗಿದೆ.

ಪದಕದ ಅಂಚನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಿರುಗಿಸಬೇಕು. ಅಸಲಿಯಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟನ್ನುಗಳ ಅಕ್ಷರಗಳು ಒಂದೇ ಎತ್ತರದಲ್ಲಿ, ಉಳಿಯಿಂದ ಒತ್ತಿದಂತೆ ಒಂದೇ ಆಳದಲ್ಲಿ ಕೂತಿರುತ್ತವೆ. ಸಾಮಾನ್ಯ ಪಲ್ಟನಿನ ಹೆಸರನ್ನು ಅರದಿಂದ ಉಜ್ಜಿ ಅಳಿಸಿ, ಮೈಸೂರು ಲಾನ್ಸರ್ಸ್ ಎಂದೋ ಬೇರೆ ಬೆಲೆಬಾಳುವ ಪಡೆಯೆಂದೋ ಕೆತ್ತುವುದು ಬಲು ಹಳೆಯ ಕೈಚಳಕ. ಉಜ್ಜಿದ ಕಡೆ ಲೋಹ ಹೋಗಿರುತ್ತದೆ: ಕ್ಯಾಲಿಪರನ್ನು ನಾಲ್ಕು ಕಡೆ ಹಿಡಿದರೆ ಒಂದು ಕಡೆ 36, ಇನ್ನೊಂದು ಕಡೆ ಅದಕ್ಕಿಂತ ಕಮ್ಮಿ. ಬೆಳಕಿಗೆ ವಾರೆಯಾಗಿ ಹಿಡಿದಾಗ ಹೊಸ ಅಕ್ಷರಗಳ ಕೆಳಗೆ ಹಳೆಯವುಗಳ ನೆರಳು ಕಾಣುವುದೂ ಉಂಟು. ಲಾನ್ಸರ್ಸ್ ಯುದ್ಧದುದ್ದಕ್ಕೂ ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಇದ್ದವರು. ಮೊದಲು ಹೋದವರಿಗೆ 1914-15ರ ನಕ್ಷತ್ರ ಸಲ್ಲುತ್ತದೆ. ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಕಾದಿದವರಿಗೆ ಮೀಸಲಾದ 1914ರ ನಕ್ಷತ್ರ ಲಾನ್ಸರ್‌ನ ಹೆಸರಿನಲ್ಲಿ ಕಂಡರೆ ಹುಬ್ಬು ಏರಲೇಬೇಕು. ಎರಡನೇ ಯುದ್ಧದ ಪದಕಗಳಲ್ಲಿ ಇನ್ನೊಂದು ವಿಶೇಷ. ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟ ಪದಕಗಳನ್ನು ಭಾರತ ತನ್ನವರಿಗೆ ಹೆಸರು ಒತ್ತಿ ಕೊಟ್ಟಿತು. ಸೈನಿಕನ ಮನೆಯದೆಂದು ಬಂದ ಬರ್ಮಾ ಸ್ಟಾರ್ ಬೆನ್ನು ಖಾಲಿಯಿದ್ದರೆ ಕೊಳ್ಳುವ ಮುಂಚೆ ಎರಡು ಸಲ ಕೇಳಬೇಕು.

ಬಟ್ಟೆಯ ಗುರುತುಗಳಿಗೆ ಕತ್ತಲೆಯೇ ಒರೆಗಲ್ಲು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಹಿಡಿದಾಗ ನೂಲು ನೀಲಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಬಿಳುಪಿನ ರಾಸಾಯನಿಕವಿದೆ; ಅದು ಬಳಕೆಗೆ ಹರಡಿದ್ದು ಯುದ್ಧದ ನಂತರ. ಆಮೇಲೆ ಯಾರೋ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯಬಹುದು, ಆದ್ದರಿಂದ ಇದೊಂದನ್ನೇ ನೆಚ್ಚುವಂತಿಲ್ಲ. ಅಲ್ಯೂಮಿನಿಯಂಗೆ ಬಂಗಾರದ ಬಣ್ಣ ಕೂರಿಸಿದ ಹಗುರ ಬಿಲ್ಲೆಗಳಂತೂ 1950ರ ದಶಕದ ಮೇಲಿನವು.

ಹಿತ್ತಾಳೆಗೆ ವಯಸ್ಸು ಕಟ್ಟುವ ಕಲೆಯೂ ಇದೆ. ಅಮೋನಿಯಾ ಆವಿಗೆ ಹಿಡಿದರೆ ಒಂದು ರಾತ್ರಿಯಲ್ಲಿ ಕಂದು ಬಣ್ಣ. ಉಪ್ಪು ಹಾಕಿ ತಿಪ್ಪೆಯಲ್ಲಿ ಹೂತರೆ ಹಸಿರು ಕಿಲುಬು. ಇಂಥ ಬಣ್ಣ ಉಬ್ಬು ತಗ್ಗೆನ್ನದೆ ಎಲ್ಲ ಕಡೆ ಸಮವಾಗಿ ಬಳಿದಂತಿರುತ್ತದೆ. ಸಿಪಾಯಿಯ ಬಿಲ್ಲೆ ಹಾಗಿರುವುದಿಲ್ಲ. ಪರೇಡಿಗೆ ಮುಂಚೆ ದಿನವೂ ಉಜ್ಜಿಸಿಕೊಂಡ ಅದರ ಉಬ್ಬುಗಳು ನುಣುಪಾಗಿ, ಮೂಲೆಗಳಲ್ಲಿ ಪಾಲಿಷಿನ ಬಿಳಿ, ಹಸಿರು ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಸಿಕ್ಕಿದ ಕೂಡಲೇ ಹುಣಸೆಹಣ್ಣು ಹಚ್ಚಿ ಫಳಫಳಿಸುವಂತೆ ತಿಕ್ಕುವುದು ನಮ್ಮ ಕಡೆಯ ಅಭ್ಯಾಸ, ದೇವರ ಮನೆಯ ದೀಪಕ್ಕೆ ಮಾಡಿದಂತೆ. ಆ ಒಂದು ತಿಕ್ಕಿಗೆ ನೂರು ವರ್ಷದ ಸಾಕ್ಷಿ ಬಚ್ಚಲಿಗೆ ಹರಿಯುತ್ತದೆ.

ಇಷ್ಟೆಲ್ಲ ಪರೀಕ್ಷೆಗಳಿದ್ದರೂ ಬಜಾರಿನ ಎರಕದ ಬಿಲ್ಲೆಯ ವಿಷಯದಲ್ಲಿ ಕೊನೆಯ ಮಾತು ಲೋಹದ್ದಲ್ಲ, ಕಾಗದದ್ದು. ಸಾಮಾನ್ಯವಾಗಿ ಇವು ಪೇಟೆಗೆ ಬರುವುದು ಗುಜರಿಯವರ ಚೀಲದಲ್ಲಿ: ಪಾತ್ರೆಗೆ ಪಾತ್ರೆ ಬದಲಿಸುವಾಗ ತೂಕಕ್ಕೆ ಬಿದ್ದ ಹಿತ್ತಾಳೆಯ ಜೊತೆ, ಇಲ್ಲವೇ ಬಂಗಲೆ ಖಾಲಿಮಾಡಿದವರ ಸಾಮಾನಿನ ಜೊತೆ. ಚಿನ್ನದ ಗಣಿಗಳು 1956ರಲ್ಲಿ ಸರ್ಕಾರದ ಕೈಗೆ ಬಂದಾಗ ಒಂದು ಸಲ, 2001ರ ಫೆಬ್ರವರಿ 28ರಂದು ಮುಚ್ಚಿದಾಗ ಇನ್ನೊಂದು ಸಲ ಅಲ್ಲಿನ ಮನೆಗಳು ಖಾಲಿಯಾದವು. ಗುಜರಿ ತಕ್ಕಡಿಯಲ್ಲಿ ವಸ್ತು ಉಳಿಯುತ್ತದೆ, ಊರು ಕಳೆದುಹೋಗುತ್ತದೆ. ಸೈನಿಕನ ಡಿಸ್ಚಾರ್ಜ್ ಚೀಟಿ, ಪಿಂಚಣಿ ಪುಸ್ತಕ, ಮಾಜಿ ಸೈನಿಕನೆಂದು ಜಮೀನು ಮಂಜೂರಾದ ದಾಖಲೆ, ಬಿಲ್ಲೆ ಕಾಣುವಂತೆ ಪೇಟ ಕಟ್ಟಿ ತೆಗೆಸಿಕೊಂಡ ಸ್ಟುಡಿಯೋ ಫೋಟೋ, ಇವುಗಳಲ್ಲಿ ಒಂದಾದರೂ ಜೊತೆಗಿದ್ದರೆ ಒರಟು ಎರಕದ ಬಿಲ್ಲೆ ಅಚ್ಚುಕಟ್ಟಾದ ಹತ್ತು ಬಿಲ್ಲೆಗಳಿಗಿಂತ ಮೇಲು. ಸಂಸ್ಥಾನದ ಪಡೆಗಳಿಗೆ ಸಂಬಂಧಿಸಿದ ಕಡತಗಳನ್ನು ರಾಜ್ಯ ಪತ್ರಾಗಾರದಲ್ಲಿ ಹುಡುಕಬಹುದು. ಸ್ಯಾಪರ್ಸ್ ಪಡೆಗೆ ಬೆಂಗಳೂರಿನಲ್ಲಿ ಅದರದೇ ವಸ್ತುಸಂಗ್ರಹಾಲಯವಿದೆ.

ಕಾನೂನಿನ ಮಾತು ಚಿಕ್ಕದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಬಿಲ್ಲೆಗಳೆಲ್ಲ ಈಗ ಆ ಗೆರೆ ದಾಟಿವೆ. ಹೈಫಾದ ಗಂಡಭೇರುಂಡವನ್ನು ಲಂಡನ್ನಿನ ಕೊಳ್ಳುವವನಿಗೆ ಅಂಚೆಯಲ್ಲಿ ಕಳಿಸುವುದು ಅಪರಾಧ. ಅದು ಬರೀ ಮೊನ್ನೆ ಹೊಯ್ದ ನಕಲಿಯಾಗಿದ್ದರೆ ಕಾಯ್ದೆಗೆ ಅದರ ಗೊಡವೆಯಿಲ್ಲ. ಎರಡನೇ ಯುದ್ಧದ ವಸ್ತುಗಳಿಗೆ ನೂರು ತುಂಬುವುದು 2039ರಿಂದ ಮುಂದೆ.

ಮನೆಯಲ್ಲಿ ಬಿಲ್ಲೆಯೋ ಪದಕವೋ ಇದ್ದವರು ಮಾಡಬೇಕಾದ ಕೆಲಸ ಸಣ್ಣದು. ತೊಳೆಯದೆ, ತಿಕ್ಕದೆ, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾರದು, ಯಾವ ಊರಿನದು, ಯಾರ ಕೈಯಿಂದ ಬಂತು ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಜೊತೆಗೆ ಇಡಬೇಕು.